ಧಾರವಾಡಿ ಎಮ್ಮೆಯ ರೋಗನಿರೋಧಕ ಜೀನನ್ನು ಓದಿ ಹೋಲಿಸುವ ಬಗೆ: ಕೊಟ್ಟಿಗೆಯಿಂದ ವಂಶವೃಕ್ಷದವರೆಗೆ

ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿಯೆಂಬ ಮಾನ್ಯತೆ ಸಿಕ್ಕಿದ್ದು 2021ರಲ್ಲಿ. ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಅದನ್ನು ನೋಂದಾಯಿಸಿತು. ಗೌಳಿಗರು ತಲೆಮಾರುಗಳಿಂದ ಸಾಕಿಕೊಂಡು ಬಂದ, ಪೇಡೆಯ ಊರಿಗೆ ಹಾಲು ಕೊಟ್ಟ ಈ ಜವಾರಿ ಎಮ್ಮೆಗೆ ಕಾಗದದ ಮೇಲೆ ಒಂದು ಗುರುತು ಬಂದಿತು. ಆದರೆ ಇಂದಿಗೂ ಎಮ್ಮೆಯ ಜೀನೋಮ್ (ಇಡೀ ಡಿಎನ್‌ಎಯ ಪಠ್ಯ) ಎಂದು ಸಂಶೋಧಕರು ತೆರೆದು ನೋಡುವುದು ಹೆಚ್ಚಾಗಿ ಮೆಡಿಟರೇನಿಯನ್ ತಳಿಯದನ್ನು, ಇಲ್ಲವೇ ಮುರ್ರಾ ತಳಿಯದನ್ನು. ಕಲಘಟಗಿಯ ದಡ್ಡಿಯಲ್ಲೋ ರೋಣದ ಹೊಲದ ಬದುವಿನಲ್ಲೋ ಮೇಯುವ ಎಮ್ಮೆ ಸೋಂಕನ್ನು ಗುರುತಿಸುವ ಜೀನ್‌ಗಳಲ್ಲಿ ಏನನ್ನು ಇಟ್ಟುಕೊಂಡಿದೆ ಎಂಬುದನ್ನು ಓದಬೇಕಾದವರು ಇಲ್ಲಿಯವರೇ.

ಗದಗಿನ ಪಶುವೈದ್ಯಕೀಯ ಕಾಲೇಜಿನಲ್ಲಿ, ಧಾರವಾಡದ ಕೃಷಿ ಮತ್ತು ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ, ಹುಬ್ಬಳ್ಳಿ ಮತ್ತು ಹಾವೇರಿಯ ಪದವಿ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಕೆಲಸಕ್ಕೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಒಂದು ಪಿಸಿಆರ್ ಯಂತ್ರ, ಒಂದು ಸೆಂಟ್ರಿಫ್ಯೂಜ್, ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಲು ಜೆಲ್ ಓಡಿಸುವ ವ್ಯವಸ್ಥೆ, ಇಂಟರ್ನೆಟ್ ಇರುವ ಕಂಪ್ಯೂಟರ್ ಇಷ್ಟಿದ್ದರೆ ಕೆಲಸ ಆರಂಭಿಸಬಹುದು. ಡಿಎನ್‌ಎಯ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಯಂತ್ರ ನಿಮ್ಮಲ್ಲೇ ಇರಬೇಕಿಲ್ಲ. ಎಲ್ಲ ಹಂತದಲ್ಲೂ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿರಬೇಕು: ನನಗೆ ಕಾಣುತ್ತಿರುವ ಈ ಅಕ್ಷರದ ವ್ಯತ್ಯಾಸ ಎಮ್ಮೆಯದೇ, ಅಥವಾ ನನ್ನ ಕೈಕೆಲಸದ್ದೇ?

ಮೊದಲು ಜೀನ್ ಆರಿಸಿಕೊಳ್ಳಿ

ರೋಗನಿರೋಧಕ ವ್ಯವಸ್ಥೆಗೆ ಸೇರಿದ ಜೀನ್‌ಗಳು ನೂರಾರು. ಮೊದಲ ಬಾರಿ ಕೈಹಾಕುವವರಿಗೆ ನಾನು ಸೂಚಿಸುವುದು ಟಿಎಲ್‌ಆರ್2 (ಟೋಲ್ ಲೈಕ್ ರಿಸೆಪ್ಟರ್ 2). ಕೆಚ್ಚಲು ಬಾವು ತರುವ ಸ್ಟೆಫೈಲೊಕಾಕಸ್ ಆರಿಯಸ್‌ನಂಥ ಬ್ಯಾಕ್ಟೀರಿಯಾಗಳ ಲೈಪೊಪ್ರೋಟೀನನ್ನು ಜೀವಕೋಶದ ಹೊರಮೈಯಲ್ಲಿ ಗುರುತಿಸುವ ಪ್ರೋಟೀನ್ ಇದು. ಟಿಎಲ್‌ಆರ್1 ಅಥವಾ ಟಿಎಲ್‌ಆರ್6 ಜೊತೆ ಸೇರಿ ಕೆಲಸ ಮಾಡುತ್ತದೆ. ಇದರ ಪ್ರೋಟೀನ್ ಸಂಕೇತವಿರುವ ಭಾಗವೆಲ್ಲ ಒಂದೇ ಎಕ್ಸಾನ್‌ನಲ್ಲಿ, ಅಂದರೆ ನಡುವೆ ಬೇರೆ ಡಿಎನ್‌ಎ ಬಾರದ ಒಂದೇ ತುಂಡಿನಲ್ಲಿ, ಇದೆ ಎಂಬುದು ಕಲಿಯುವವರಿಗೆ ದೊಡ್ಡ ಅನುಕೂಲ. ಆಕಳಿನಲ್ಲಿ ಅದರ ಉದ್ದ 2355 ಬೇಸ್ (ಡಿಎನ್‌ಎ ಅಕ್ಷರ), ಪ್ರೋಟೀನ್ 784 ಅಮೈನೋ ಆಮ್ಲ. ಹಾಗಾಗಿ ಆರ್‌ಎನ್‌ಎ ತೆಗೆಯುವ ಪ್ರಮೇಯವಿಲ್ಲ, ರಕ್ತದಿಂದ ತೆಗೆದ ಡಿಎನ್‌ಎ ಸಾಕು. ಆರ್‌ಎನ್‌ಎ ಬೇಗ ಹಾಳಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಶಿರಹಟ್ಟಿಯಿಂದ ಧಾರವಾಡಕ್ಕೆ ಅದನ್ನು ತರುವ ಪ್ರಯಾಸವನ್ನು ಮೊದಲ ಪ್ರಾಜೆಕ್ಟಿನಲ್ಲಿ ತೆಗೆದುಕೊಳ್ಳಬೇಡಿ.

ಇ. ಕೋಲೈನಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪದರದ ಲೈಪೊಪಾಲಿಸ್ಯಾಕರೈಡನ್ನು ಗುರುತಿಸುವ ಟಿಎಲ್‌ಆರ್4 ಎರಡನೆಯ ಆಯ್ಕೆ. ಅದರಲ್ಲಿ ಮೂರು ಎಕ್ಸಾನ್‌ಗಳಿವೆ, ದೊಡ್ಡ ಪಾಲು ಮೂರನೆಯದರಲ್ಲಿದೆ. ಇನ್ನು ಡಿಆರ್‌ಬಿ3. ಇದು ಎಂಎಚ್‌ಸಿ ಎರಡನೆಯ ವರ್ಗದ ಜೀನ್. ರೋಗಾಣುವಿನ ತುಣುಕನ್ನು ಹಿಡಿದು ಟಿ ಜೀವಕೋಶಗಳಿಗೆ ತೋರಿಸುವ ತಾಣದ ಸಂಕೇತ ಇದರ ಎರಡನೆಯ ಎಕ್ಸಾನ್‌ನಲ್ಲಿದೆ. ಈ ಎಕ್ಸಾನ್ 300 ಬೇಸ್‌ಗಿಂತ ಚಿಕ್ಕದು, ಆದರೆ ಅದರೊಳಗಿನ ವೈವಿಧ್ಯ ಬೆರಗುಗೊಳಿಸುವಂಥದ್ದು. ಪಿಸಿಆರ್ ಮಾಡುವುದು ಸುಲಭವೆಂದು ಅನೇಕರು ಇದನ್ನೇ ಮೊದಲು ಹಿಡಿಯುತ್ತಾರೆ. ಅರ್ಥ ಬಿಡಿಸುವಾಗ ಇದರಷ್ಟು ದಾರಿ ತಪ್ಪಿಸುವ ಜೀನ್ ಮತ್ತೊಂದಿಲ್ಲ. ಏಕೆಂದು ವಂಶವೃಕ್ಷದ ಭಾಗದಲ್ಲಿ ಹೇಳುತ್ತೇನೆ.

ಅನುಮತಿ ಮತ್ತು ಕೊಟ್ಟಿಗೆಯ ಕೆಲಸ

ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮೊದಲೇ ಕೈಯಲ್ಲಿರಲಿ. ಮಾಲೀಕರಿಗೆ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಓದಿ ಹೇಳಿ, ಸಹಿ ಪಡೆಯಿರಿ. ಮಾದರಿಯನ್ನು ಹೊರದೇಶದ ಪ್ರಯೋಗಾಲಯಕ್ಕೆ ಕಳುಹಿಸುವ ಯೋಚನೆಯಿದ್ದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ನಿಯಮಗಳನ್ನು ಮಾರ್ಗದರ್ಶಕರೊಂದಿಗೆ ಕುಳಿತು ಓದಿ. ಭಾರತದೊಳಗೇ ಸೀಕ್ವೆನ್ಸಿಂಗ್ ಸೇವೆಗಳು ಸಾಕಷ್ಟಿರುವಾಗ ಹೊರಗೆ ಕಳುಹಿಸುವ ಅಗತ್ಯವೇ ಬೀಳುವುದಿಲ್ಲ.

ಪ್ರಾಣಿಗಳ ಆಯ್ಕೆಗೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ಒಂದೇ ಕೊಟ್ಟಿಗೆಯ ಹತ್ತು ಎಮ್ಮೆಗಳ ರಕ್ತ ತಂದರೆ ತಾಯಿ, ಮಗಳು, ಅಕ್ಕ, ತಂಗಿಯರ ಒಂದೇ ಕುಟುಂಬವನ್ನು ಹತ್ತು ಸಲ ಓದಿದಂತಾಗುತ್ತದೆ. ಒಂದು ಊರಿನಿಂದ ಒಂದೆರಡು, ಬೇರೆ ಬೇರೆ ತಾಲ್ಲೂಕುಗಳಿಂದ ಎಂಬಂತೆ ಆರಿಸಿ: ಕಲಘಟಗಿ, ಕುಂದಗೋಳ, ನವಲಗುಂದ, ರೋಣ, ಲಕ್ಷ್ಮೇಶ್ವರ, ಹಾನಗಲ್ಲ, ಸವಣೂರು. ಕೃತಕ ಗರ್ಭಧಾರಣೆಯಲ್ಲಿ ಮುರ್ರಾ ವೀರ್ಯ ಬಳಸಿದ ಮನೆಗಳು ಈಗ ಬಹಳ. ಮೈಬಣ್ಣ, ಕೋಡು ನೋಡಿ ತಳಿ ನಿರ್ಧರಿಸಬೇಡಿ. ಈ ಎಮ್ಮೆಯ ತಾಯಿ ಯಾರದು, ಯಾವ ಕೋಣಕ್ಕೆ ಹಾರಿಸಿದ್ದರು, ಇಂಜೆಕ್ಷನ್ ಕೊಡಿಸಿದ್ದರೇ ಎಂದು ಮನೆಯ ಹಿರಿಯರನ್ನು ಕೇಳಿ. ಎಮ್ಮೆಯ ಪೂರ್ವಾಪರ ಮನೆಯ ಹೆಣ್ಣುಮಕ್ಕಳಿಗೆ ಹೆಚ್ಚು ಗೊತ್ತಿರುತ್ತದೆ. ಅಂಗಳದಲ್ಲಿ ಕುಳಿತ ಯಜಮಾನರೊಬ್ಬರನ್ನೇ ಕೇಳಿ ಎದ್ದು ಬರಬೇಡಿ. ಕಿವಿಯ ಹಳದಿ ಬಿಲ್ಲೆಯ 12 ಅಂಕಿಗಳು, ಊರು, ವಯಸ್ಸು, ಎಷ್ಟನೆಯ ಸೂಲು, ಹಿಂದೆ ಕೆಚ್ಚಲು ಬಾವು ಬಂದಿತ್ತೇ ಎಂಬುದನ್ನೆಲ್ಲ ಅಲ್ಲೇ ನಿಂತು ಬರೆದುಕೊಳ್ಳಿ. ಮುಂಭಾಗದ, ಪಕ್ಕದ ಒಂದೊಂದು ಫೋಟೊ ಇರಲಿ.

ರಕ್ತ ತೆಗೆಯುವುದು ಪಶುವೈದ್ಯರ ಕೆಲಸ. ಕುತ್ತಿಗೆಯ ರಕ್ತನಾಳದಿಂದ 5 ಮಿಲಿ ಲೀಟರ್ ಸಾಕು. ನೇರಳೆ ಮುಚ್ಚಳದ ಇಡಿಟಿಎ ನಳಿಕೆಯನ್ನೇ ಬಳಸಿ. ಹೆಪಾರಿನ್ ಇರುವ ಹಸಿರು ಮುಚ್ಚಳದ್ದು ಬೇಡ, ಹೆಪಾರಿನ್ ಮುಂದೆ ಪಿಸಿಆರ್‌ಗೆ ಅಡ್ಡ ಬರುತ್ತದೆ. ನಳಿಕೆಯನ್ನು ಅಲುಗಾಡಿಸದೆ ಎಂಟು ಹತ್ತು ಸಲ ನಿಧಾನವಾಗಿ ತಲೆಕೆಳಗು ಮಾಡಿ. ಐಸ್ ಡಬ್ಬಿಯಲ್ಲಿ ಇಡುವಾಗ ನಳಿಕೆ ಮಂಜುಗಡ್ಡೆಗೆ ನೇರವಾಗಿ ತಾಗದಂತೆ ನಡುವೆ ಬಟ್ಟೆಯೋ ಕಾಗದವೋ ಇರಲಿ. ನಳಿಕೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಅಂಟಿಸಿ, ಮೇಲೊಂದು ಪಾರದರ್ಶಕ ಟೇಪ್ ಸುತ್ತಿ. ಸ್ಪಿರಿಟ್ ತಗುಲಿದರೆ ಪೆನ್ನಿನ ಶಾಯಿ ಅಳಿಸುತ್ತದೆ. ಚೀಟಿ ಅಳಿಸಿದ ಮಾದರಿಯನ್ನು ಊಹೆಯ ಮೇಲೆ ಬಳಸುವುದಕ್ಕಿಂತ ಚೆಲ್ಲುವುದು ಮೇಲು.

ಡಿಎನ್‌ಎ ತೆಗೆಯುವುದು

ಸಸ್ತನಿಗಳ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಡಿಎನ್‌ಎ ಸಿಗುವುದು ಬಿಳಿಕಣಗಳಿಂದ. ಮೊದಲು ಕೆಂಪುಕಣಗಳನ್ನು ಒಡೆದು ತೊಳೆದು, ಉಳಿದ ಬಿಳಿ ಉಂಡೆಗೆ ಕೋಶ ಒಡೆಯುವ ಎಸ್‌ಡಿಎಸ್ ಮತ್ತು ಪ್ರೋಟೀನ್ ಕತ್ತರಿಸುವ ಪ್ರೋಟೀನೇಸ್ ಕೆ ಸೇರಿಸಿ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬಿಡಿ. ಉಂಡೆ ಕೆಂಪಾಗಿಯೇ ಇದ್ದರೆ ತೊಳೆಯುವ ಹಂತವನ್ನು ಮತ್ತೆ ಮಾಡಿ, ಹಿಮೋಗ್ಲೋಬಿನ್ ಉಳಿದರೆ ಪಿಸಿಆರ್ ಕೆಡುತ್ತದೆ. ಬೆಳಿಗ್ಗೆ ಫೀನಾಲ್, ಕ್ಲೋರೊಫಾರ್ಮ್, ಐಸೊಅಮೈಲ್ ಆಲ್ಕೊಹಾಲ್ 25:24:1 ಮಿಶ್ರಣದಿಂದ ಪ್ರೋಟೀನ್ ಬೇರ್ಪಡಿಸಿ, ತಣ್ಣನೆಯ ಎಥನಾಲ್‌ನಲ್ಲಿ ಡಿಎನ್‌ಎ ಎಳೆಯನ್ನು ಹೊರತೆಗೆದು ಟಿಇ ದ್ರಾವಣದಲ್ಲಿ ಕರಗಿಸಿ. ಫೀನಾಲ್ ಚರ್ಮ ಸುಡುತ್ತದೆ. ಕೈಗವಸು, ಕನ್ನಡಕ, ಹೊಗೆ ಹೀರುವ ಕಪಾಟು ಇಲ್ಲದೆ ಮುಟ್ಟಬೇಡಿ. ಅವು ಇಲ್ಲದ ಪ್ರಯೋಗಾಲಯದಲ್ಲಿ ಉಪ್ಪಿನ ವಿಧಾನವನ್ನೋ ಕಿಟ್ಟನ್ನೋ ಬಳಸಿ. ಡಿಎನ್‌ಎಯ ಶುದ್ಧತೆ ತೋರಿಸುವ 260/280 ಅನುಪಾತ 1.8ರ ಆಸುಪಾಸಿನಲ್ಲಿದ್ದು, 0.8 ಶೇಕಡಾ ಅಗರೋಸ್ ಜೆಲ್‌ನಲ್ಲಿ ಒಂದೇ ಗಟ್ಟಿ ಪಟ್ಟಿ ಕಂಡರೆ ಸಾಕು.

ಪ್ರೈಮರ್: ಇಲ್ಲಿ ಆತುರ ಬೇಡ

ಪ್ರೈಮರ್ ಎಂದರೆ ನಮಗೆ ಬೇಕಾದ ತುಣುಕಿನ ಎರಡು ತುದಿಗಳಿಗೆ ಅಂಟುವ, ಸುಮಾರು 18ರಿಂದ 24 ಬೇಸ್ ಉದ್ದದ ಚಿಕ್ಕ ಡಿಎನ್‌ಎ. ಒಂದು ಸಲಕ್ಕೆ ಒಂದು ತುಣುಕನ್ನು ಓದುವ ಸ್ಯಾಂಗರ್ ವಿಧಾನದಲ್ಲಿ ಒಂದು ಓದಿಗೆ ಒಳ್ಳೆಯ ಗುಣಮಟ್ಟದಲ್ಲಿ ಸಿಗುವುದು 700ರಿಂದ 900 ಬೇಸ್, ಅದರಲ್ಲೂ ಆರಂಭದ 30ರಿಂದ 50 ಬೇಸ್ ಮಸುಕಾಗಿರುತ್ತವೆ. ಆದ್ದರಿಂದ ಟಿಎಲ್‌ಆರ್2ರ 2355 ಬೇಸ್‌ಗಳನ್ನು ಸುಮಾರು 750 ಬೇಸ್‌ನ ನಾಲ್ಕು ತುಣುಕುಗಳಾಗಿ, ಒಂದರ ಮೇಲೊಂದು 150 ಬೇಸ್ ಹೊದ್ದುಕೊಳ್ಳುವಂತೆ ಯೋಜಿಸಿ. ಒಟ್ಟು 2550 ಬೇಸ್ ಆವರಿಸುತ್ತದೆ. ಜೀನ್‌ನ ಸಂಕೇತ ಭಾಗದ ಆಚೀಚೆ ತಲಾ ನೂರರಷ್ಟು ಬೇಸ್ ಹೆಚ್ಚು ಸಿಗುತ್ತದೆ.

ಆ ಹೆಚ್ಚುವರಿ ಭಾಗ ಬೇಕೇಬೇಕು. ಪ್ರೈಮರ್ ಅಂಟಿದ ಜಾಗದಲ್ಲಿ ನಮಗೆ ಸಿಗುವುದು ಪ್ರೈಮರಿನದೇ ಅಕ್ಷರಗಳು, ಎಮ್ಮೆಯ ಅಕ್ಷರಗಳಲ್ಲ. ಜೀನ್‌ನ ಮೊದಲ ಅಕ್ಷರದಿಂದಲೇ ಪ್ರೈಮರ್ ಶುರು ಮಾಡಿದವರು ಆ ಇಪ್ಪತ್ತು ಬೇಸ್‌ಗಳನ್ನು ಓದಿಯೇ ಇರುವುದಿಲ್ಲ, ಆದರೂ ಓದಿದ್ದೇವೆಂದು ಡೇಟಾಬೇಸಿಗೆ ಸೇರಿಸುತ್ತಾರೆ. ಒಳಗಿನ ತುಣುಕುಗಳ ಪ್ರೈಮರ್ ಜಾಗವನ್ನು ಪಕ್ಕದ ತುಣುಕು ಹೊದ್ದಿರುವುದರಿಂದ ಅಲ್ಲಿಯ ನಿಜವಾದ ಅಕ್ಷರ ತಿಳಿಯುತ್ತದೆ. 150 ಬೇಸ್ ಹೊದಿಕೆಯನ್ನು ಉಳಿತಾಯದ ಹೆಸರಿನಲ್ಲಿ ಕಡಿಮೆ ಮಾಡಬೇಡಿ.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ಪ್ರತಿ ಎಮ್ಮೆಯಲ್ಲೂ ಜೀನ್‌ನ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯದು, ಒಂದು ತಂದೆಯದು. ಒಂದು ಪ್ರತಿಯಲ್ಲಿ ಪ್ರೈಮರಿನ ಕೊನೆಯ ಎರಡು ಮೂರು ಅಕ್ಷರಗಳು ಅಂಟುವ ಜಾಗದಲ್ಲೇ ವ್ಯತ್ಯಾಸವಿದ್ದರೆ ಆ ಪ್ರತಿ ಹೆಚ್ಚುವುದೇ ಇಲ್ಲ. ಇನ್ನೊಂದು ಪ್ರತಿ ಮಾತ್ರ ಹೆಚ್ಚಿ, ಎಮ್ಮೆಗೆ ಎರಡೂ ಕಡೆಯಿಂದ ಒಂದೇ ರೂಪ ಬಂದಂತೆ ತೋರುತ್ತದೆ. ಜೆಲ್ ಸ್ವಚ್ಛ, ಓದು ಸ್ವಚ್ಛ, ಫಲಿತಾಂಶ ಮಾತ್ರ ಸುಳ್ಳು. ಆಕಳಿನ ಜೀನ್ ನೋಡಿ ರಚಿಸಿದ ಪ್ರೈಮರನ್ನು ಎಮ್ಮೆಗೆ ಹಾಗೆಯೇ ಬಳಸಿದಾಗ ಈ ಅಪಾಯ ಹೆಚ್ಚು. ಎಮ್ಮೆಯ ಉಲ್ಲೇಖ ಜೀನೋಮ್‌ನಿಂದಲೇ ಪ್ರೈಮರ್ ರಚಿಸಿ, ಮೆಡಿಟರೇನಿಯನ್ ಮತ್ತು ಮುರ್ರಾ ಎರಡರಲ್ಲೂ ಆ ಜಾಗ ಒಂದೇ ಆಗಿದೆಯೇ ನೋಡಿ. ಪ್ರೈಮರ್ ಬ್ಲಾಸ್ಟ್ ಎಂಬ ಆನ್‌ಲೈನ್ ಹುಡುಕಾಟ ಸಾಧನದಲ್ಲಿ ಎಮ್ಮೆಯ ಪೂರ್ಣ ಜೀನೋಮ್ ಎದುರು ಹುಡುಕಿ, ಬೇರೆ ಜೀನ್‌ಗೆ ಅಂಟುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಟಿಎಲ್‌ಆರ್ ಕುಟುಂಬದ ಸದಸ್ಯರು ಒಬ್ಬರನ್ನೊಬ್ಬರು ಹೋಲುತ್ತಾರೆ. ಟಿಎಲ್‌ಆರ್1, 6 ಮತ್ತು 10ರ ನಡುವೆ ಹೋಲಿಕೆ ಇನ್ನೂ ಹೆಚ್ಚು. ಎರಡು ಪ್ರೈಮರ್‌ಗಳ ಕರಗುವ ಉಷ್ಣತೆ 58ರಿಂದ 62 ಡಿಗ್ರಿಯೊಳಗೆ, ಒಂದಕ್ಕೊಂದು ಎರಡು ಡಿಗ್ರಿಗಿಂತ ಹೆಚ್ಚು ಅಂತರವಿಲ್ಲದಂತೆ ಇರಲಿ.

ಪಿಸಿಆರ್ ಮತ್ತು ಜೆಲ್

25 ಮೈಕ್ರೋಲೀಟರ್ ಮಿಶ್ರಣಕ್ಕೆ 50ರಿಂದ 100 ನ್ಯಾನೋಗ್ರಾಂ ಡಿಎನ್‌ಎ. ಆರಂಭದಲ್ಲಿ 95 ಡಿಗ್ರಿ ಐದು ನಿಮಿಷ, ನಂತರ 35 ಸುತ್ತು: 95 ಡಿಗ್ರಿ 30 ಸೆಕೆಂಡ್, 60 ಡಿಗ್ರಿ 30 ಸೆಕೆಂಡ್, 72 ಡಿಗ್ರಿ ಒಂದು ನಿಮಿಷ. ಕೊನೆಗೆ 72 ಡಿಗ್ರಿ ಹತ್ತು ನಿಮಿಷ. 60 ಎಂಬುದು ಆರಂಭದ ಅಂದಾಜು, ಗ್ರೇಡಿಯೆಂಟ್ (ಒಂದೇ ಸಲ ಹಲವು ಉಷ್ಣತೆಗಳಲ್ಲಿ ಪಿಸಿಆರ್) ಓಡಿಸಿ ನಿಮ್ಮ ಪ್ರೈಮರಿಗೆ ಒಗ್ಗುವ ಉಷ್ಣತೆ ಕಂಡುಕೊಳ್ಳಿ. 1.5 ಶೇಕಡಾ ಜೆಲ್‌ನಲ್ಲಿ ಒಂದೇ ಪಟ್ಟಿ ಬರಬೇಕು. ಡಿಎನ್‌ಎ ಹಾಕದ ಒಂದು ನಳಿಕೆ ಪ್ರತಿ ಸಲವೂ ಇರಲಿ. ಅದರಲ್ಲಿ ಪಟ್ಟಿ ಕಂಡರೆ ಆ ದಿನದ ಎಲ್ಲ ನಳಿಕೆಗಳನ್ನೂ ಎಸೆಯಿರಿ.

ಸೀಕ್ವೆನ್ಸಿಂಗ್, ಮತ್ತು ಕಣ್ಣಿನಿಂದ ಓದುವುದು

ಶುದ್ಧೀಕರಿಸಿದ ತುಣುಕನ್ನು ಎರಡೂ ದಿಕ್ಕಿನಿಂದ ಓದಿಸಿ. ಕೆಲವು ಹತ್ತು ಎಮ್ಮೆಗಳು, ಒಂದೆರಡು ಜೀನ್‌ಗಳಾದರೆ 1977ರಿಂದ ಬಳಕೆಯಲ್ಲಿರುವ ಸ್ಯಾಂಗರ್ ವಿಧಾನವೇ ಸಾಕು. ನೂರಾರು ಪ್ರಾಣಿಗಳಿದ್ದರೆ, ಅಥವಾ ಡಿಆರ್‌ಬಿ3ರಂತೆ ಪ್ರತಿ ಪ್ರಾಣಿಯಲ್ಲೂ ಹಲವು ಜಾಗಗಳಲ್ಲಿ ವ್ಯತ್ಯಾಸವಿರುವ ಜೀನ್ ಆದರೆ ಬಹಳಷ್ಟು ತುಣುಕುಗಳನ್ನು ಒಟ್ಟಿಗೆ ಓದುವ ಹೊಸ ತಲೆಮಾರಿನ ಸೀಕ್ವೆನ್ಸಿಂಗ್ ಬೇಕಾಗುತ್ತದೆ.

ಫಲಿತಾಂಶ ಬಂದಾಗ ಅಕ್ಷರಗಳ ಕಡತವನ್ನಷ್ಟೇ ತೆಗೆದುಕೊಂಡು ಮುಂದೆ ಹೋಗಬೇಡಿ. ಕ್ರೊಮ್ಯಾಟೊಗ್ರಾಮ್ ತೆರೆಯಿರಿ. ನಾಲ್ಕು ಬಣ್ಣದ ಶಿಖರಗಳ ಆ ಚಿತ್ರವೇ ಮೂಲ ದಾಖಲೆ, ಅಕ್ಷರಗಳು ತಂತ್ರಾಂಶದ ಅಭಿಪ್ರಾಯ. ಗುಣಮಟ್ಟದ ಅಂಕ 20 ಎಂದರೆ ನೂರರಲ್ಲಿ ಒಂದು ಅಕ್ಷರ ತಪ್ಪಿರುವ ಸಂಭವ, 30 ಎಂದರೆ ಸಾವಿರದಲ್ಲಿ ಒಂದು. 2355 ಬೇಸ್‌ಗಳಲ್ಲಿ 20ರ ಮಟ್ಟದ ಓದನ್ನು ನಂಬಿದರೆ ಇಪ್ಪತ್ತಕ್ಕೂ ಹೆಚ್ಚು ಸುಳ್ಳು ವ್ಯತ್ಯಾಸಗಳು ನಿಮ್ಮ ಎಮ್ಮೆಯ ಹೆಸರಿನಲ್ಲಿ ದಾಖಲಾಗುತ್ತವೆ. ಎರಡು ತಳಿಗಳ ನಡುವಿನ ನಿಜವಾದ ಅಂತರವೇ ಅದಕ್ಕಿಂತ ಕಡಿಮೆಯಿರಬಹುದು.

ಒಂದೇ ಜಾಗದಲ್ಲಿ ಎರಡು ಬಣ್ಣದ ಶಿಖರಗಳು ಹೆಚ್ಚುಕಡಿಮೆ ಸಮ ಎತ್ತರದಲ್ಲಿದ್ದು, ಎರಡೂ ದಿಕ್ಕಿನ ಓದಿನಲ್ಲಿ ಕಂಡರೆ ಅದು ತಾಯಿ ಮತ್ತು ತಂದೆಯ ಪ್ರತಿಗಳ ನಡುವಿನ ನಿಜವಾದ ವ್ಯತ್ಯಾಸ. ಸಿ ಮತ್ತು ಟಿ ಆದರೆ ವೈ ಎಂದು, ಎ ಮತ್ತು ಜಿ ಆದರೆ ಆರ್ ಎಂದು ಬರೆಯಿರಿ. ಒಂದೇ ದಿಕ್ಕಿನಲ್ಲಿ ಕಂಡರೆ ಮತ್ತೆ ಓದಿಸಿ. ಒಂದು ಬಿಂದುವಿನಿಂದ ಮುಂದೆ ಶಿಖರಗಳೆಲ್ಲ ಕಲಸಿಹೋಗಿ, ಎದುರು ದಿಕ್ಕಿನ ಓದಿನಲ್ಲೂ ಅದೇ ಬಿಂದುವಿನವರೆಗೆ ಸ್ವಚ್ಛವಿದ್ದರೆ ಒಂದು ಪ್ರತಿಯಲ್ಲಿ ಕೆಲವು ಅಕ್ಷರಗಳು ಕಡಿಮೆಯಿವೆ ಅಥವಾ ಹೆಚ್ಚಿವೆ ಎಂದರ್ಥ. ಅಂಥ ಮಾದರಿಯನ್ನು ಕ್ಲೋನ್ ಮಾಡಿ (ಒಂದೊಂದು ಪ್ರತಿಯನ್ನೂ ಬ್ಯಾಕ್ಟೀರಿಯಾದಲ್ಲಿ ಬೇರೆಯಾಗಿ ಬೆಳೆಸಿ) ಓದಿಸಬೇಕು. ಕ್ಲೋನ್ ಮಾಡುವಾಗ ತಪ್ಪು ಕಡಿಮೆ ಮಾಡುವ ಪಾಲಿಮರೇಸ್ ಬಳಸಿ, ಹಲವು ಕ್ಲೋನ್ ಓದಿಸಿ. ನೇರ ಓದಿನಲ್ಲಿ ಲಕ್ಷಾಂತರ ಅಣುಗಳ ಸರಾಸರಿ ಕಾಣುವುದರಿಂದ ಕಿಣ್ವದ ತಪ್ಪು ಮರೆಯಾಗುತ್ತದೆ. ಕ್ಲೋನ್ ಒಂದೇ ಅಣುವಿನ ಸಂತಾನ, ಅದರ ತಪ್ಪು ಹಾಗೆಯೇ ಉಳಿಯುತ್ತದೆ.

ಒಂದೇ ಎಮ್ಮೆಯಲ್ಲಿ ಮೂರು ಜಾಗಗಳಲ್ಲಿ ಜೋಡಿ ಶಿಖರಗಳಿದ್ದರೆ ಯಾವ ಅಕ್ಷರ ಯಾವುದರ ಜೊತೆ ಒಂದೇ ಪ್ರತಿಯಲ್ಲಿದೆ ಎಂಬುದಕ್ಕೆ ನಾಲ್ಕು ಸಾಧ್ಯತೆಗಳಿವೆ. ಊಹಿಸಬೇಡಿ. ಫೇಸ್‌ನಂಥ ತಂತ್ರಾಂಶ ಇಡೀ ಗುಂಪಿನ ಮಾಹಿತಿಯಿಂದ ಲೆಕ್ಕ ಹಾಕುತ್ತದೆ, ಅದರ ಖಚಿತತೆಯ ಪ್ರಮಾಣವನ್ನೂ ಕೊಡುತ್ತದೆ. ಖಚಿತತೆ ಕಡಿಮೆಯಿದ್ದ ಮಾದರಿಯನ್ನು ಕ್ಲೋನ್ ಮಾಡಿ ತಿಳಿಯಿರಿ.

ನಾಲ್ಕು ತುಣುಕುಗಳನ್ನು ಜೋಡಿಸಿದ ಮೇಲೆ ಪ್ರೋಟೀನ್‌ಗೆ ಅನುವಾದಿಸಿ. 2355ನ್ನು ಮೂರರಿಂದ ಭಾಗಿಸಿದರೆ 785: 784 ಅಮೈನೋ ಆಮ್ಲ, ಒಂದು ಕೊನೆಯ ಸಂಕೇತ. ನಡುವೆ ಎಲ್ಲಿಯಾದರೂ ಕೊನೆಯ ಸಂಕೇತ ಬಂದರೆ ಹೊಸ ಆವಿಷ್ಕಾರವೆಂದು ಸಂಭ್ರಮಿಸುವ ಮೊದಲು ಕ್ರೊಮ್ಯಾಟೊಗ್ರಾಮ್‌ಗೆ ಮರಳಿ. ಬ್ಲಾಸ್ಟ್‌ನಲ್ಲಿ ಡೇಟಾಬೇಸಿನ ಅನುಕ್ರಮಗಳೊಡನೆ ಹೋಲಿಸಿದಾಗ ಎಮ್ಮೆಗಿಂತ ಆಕಳಿಗೆ ಹೆಚ್ಚು ಹೋಲಿಕೆ ಬಂದರೆ ನಳಿಕೆ ಅದಲುಬದಲಾಗಿದೆ, ಅಥವಾ ಪಕ್ಕದ ಮಾದರಿ ಬೆರೆತಿದೆ.

ಹೋಲಿಕೆ ಮತ್ತು ವಂಶವೃಕ್ಷ

ಎಮ್ಮೆಯೊಡನೆ ಆಕಳು, ಜೇಬೂ (ಡುಬ್ಬವಿರುವ) ಆಕಳು, ಯಾಕ್, ಆಡು, ಕುರಿ ಮತ್ತು ಹೊರಗುಂಪಾಗಿ (ದೂರದ ಸಂಬಂಧಿಯಾಗಿ) ಹಂದಿ: ಆರಂಭಕ್ಕೆ ಇಷ್ಟು ಸಾಕು. ಡೇಟಾಬೇಸಿನಿಂದ ತೆಗೆಯುವಾಗ ದಾಖಲೆಯ ಸಂಖ್ಯೆ ನೋಡಿ. ಎನ್‌ಎಂ ಎಂದು ಆರಂಭವಾಗುವುದು ಪರಿಶೀಲಿಸಿದ ದಾಖಲೆಗಳಿಗೆ, ಎಕ್ಸ್‌ಎಂ ಎಂದಿರುವುದು ಕಂಪ್ಯೂಟರ್ ಜೀನೋಮಿನಿಂದ ಊಹಿಸಿದ ದಾಖಲೆಗಳಿಗೆ. ಎರಡನೆಯದನ್ನು ಬಳಸಬಾರದೆಂದಿಲ್ಲ, ಬಳಸಿದ್ದೇವೆಂದು ಬರೆಯಬೇಕು.

ಡಿಎನ್‌ಎ ಅಕ್ಷರಗಳನ್ನು ನೇರವಾಗಿ ಸಾಲುಗೂಡಿಸಿದರೆ ತಂತ್ರಾಂಶ ಮೂರಕ್ಷರದ ಸಂಕೇತವನ್ನು ನಡುವೆ ಮುರಿಯಬಹುದು. ಮೊದಲು ಪ್ರೋಟೀನ್‌ಗೆ ಅನುವಾದಿಸಿ, ಮಸಲ್ ಅಥವಾ ಮ್ಯಾಫ್ಟ್‌ನಲ್ಲಿ ಪ್ರೋಟೀನ್‌ಗಳನ್ನು ಸಾಲುಗೂಡಿಸಿ, ಆ ಸಾಲಿಗೆ ಡಿಎನ್‌ಎಯನ್ನು ಮರಳಿ ಹೊಂದಿಸಿ. ಮೆಗಾ ತಂತ್ರಾಂಶದಲ್ಲಿ ಈ ಕೆಲಸ ಒಂದೇ ಕಿಟಕಿಯಲ್ಲಿ ಮುಗಿಯುತ್ತದೆ. ನಂತರ ಯಾವ ಬದಲಾವಣೆಯ ಮಾದರಿ ನಿಮ್ಮ ದತ್ತಾಂಶಕ್ಕೆ ಒಪ್ಪುತ್ತದೆಂದು ಪರೀಕ್ಷಿಸಿ, ಗರಿಷ್ಠ ಸಂಭಾವ್ಯತೆಯ ವಿಧಾನದಲ್ಲಿ ವೃಕ್ಷ ಕಟ್ಟಿ, ಕವಲುಗಳು ಎಷ್ಟು ಗಟ್ಟಿಯೆಂದು ತಿಳಿಯಲು 1000 ಬೂಟ್‌ಸ್ಟ್ರಾಪ್ ಓಡಿಸಿ. ಬೂಟ್‌ಸ್ಟ್ರಾಪ್ 70ಕ್ಕಿಂತ ಕಡಿಮೆಯಿರುವ ಕವಲಿನ ಮೇಲೆ ಕಥೆ ಕಟ್ಟಬೇಡಿ.

ಟಿಎಲ್‌ಆರ್2ರಲ್ಲಿ ಎಮ್ಮೆ ಆಕಳಿನ ಗುಂಪಿನ ಪಕ್ಕ, ಆಡು ಮತ್ತು ಕುರಿ ಜೊತೆಯಾಗಿ, ಹಂದಿ ಹೊರಗೆ ಬರಬೇಕು. ನದಿ ಎಮ್ಮೆಗೆ 50 ವರ್ಣತಂತುಗಳು, ಆಕಳಿಗೆ 60. ಎರಡರ ವಂಶ ಬೇರಾಗಿ ದಶಲಕ್ಷಾಂತರ ವರ್ಷಗಳಾಗಿವೆ, ಜೀನ್ ವೃಕ್ಷ ಅದನ್ನು ತೋರಿಸುತ್ತದೆ. ಆದರೆ ಡಿಆರ್‌ಬಿ3ರಲ್ಲಿ ಹೀಗಾಗುವುದಿಲ್ಲ. ಆ ಜೀನ್‌ನ ಕೆಲವು ರೂಪಗಳ ಗೆರೆ ಪ್ರಭೇದಗಳಿಗಿಂತ ಹಳೆಯದು. ವೈವಿಧ್ಯವೇ ರಕ್ಷಣೆಯಾದ್ದರಿಂದ ಪ್ರಕೃತಿಯ ಆಯ್ಕೆ ಹಳೆಯ ರೂಪಗಳನ್ನು ಅಳಿಯಗೊಡದೆ ಕಾಪಾಡಿದೆ. ಹೀಗಾಗಿ ಒಂದು ಎಮ್ಮೆಯ ರೂಪ ಮತ್ತೊಂದು ಎಮ್ಮೆಯದಕ್ಕಿಂತ ಆಕಳಿನದಕ್ಕೆ ಹತ್ತಿರ ಕೂರಬಹುದು. ಅದನ್ನು ನೋಡಿ ಎಮ್ಮೆಗೂ ಆಕಳಿಗೂ ಸಂಕರವಾಗಿತ್ತೆಂದೋ, ಧಾರವಾಡಿ ತಳಿಯ ಮೂಲ ಎಲ್ಲೋ ಬೇರೆಡೆಯದೆಂದೋ ಬರೆದರೆ ದೊಡ್ಡ ತಪ್ಪು. ಒಂದು ಜೀನ್‌ನ ವೃಕ್ಷ ಆ ಜೀನ್‌ನ ಚರಿತ್ರೆ. ತಳಿಯ ಚರಿತ್ರೆಗೆ ಇಡೀ ಜೀನೋಮಿನ ಗುರುತುಗಳು ಬೇಕು.

ಆಯ್ಕೆಯ ಜಾಡು

ಪ್ರೋಟೀನ್ ಬದಲಿಸುವ ವ್ಯತ್ಯಾಸಗಳ ದರವನ್ನು ಬದಲಿಸದ ವ್ಯತ್ಯಾಸಗಳ ದರದಿಂದ ಭಾಗಿಸಿದರೆ ಡಿಎನ್/ಡಿಎಸ್ ಅನುಪಾತ. ಒಂದಕ್ಕಿಂತ ಕಡಿಮೆಯಿದ್ದರೆ ಬದಲಾವಣೆಗೆ ತಡೆ, ಹೆಚ್ಚಿದ್ದರೆ ಬದಲಾವಣೆಗೆ ಪ್ರೋತ್ಸಾಹ. ಟಿಎಲ್‌ಆರ್ ಜೀನ್‌ಗಳಲ್ಲಿ ಇಡೀ ಜೀನ್‌ನ ಸರಾಸರಿ ಸಾಮಾನ್ಯವಾಗಿ ಒಂದಕ್ಕಿಂತ ಕಡಿಮೆಯೇ ಬರುತ್ತದೆ. ಅಷ್ಟಕ್ಕೇ ನಿಲ್ಲಿಸಬಾರದು. ಕೋಶದೊಳಗಿನ ಟಿಐಆರ್ ಭಾಗ ಸಂದೇಶ ರವಾನಿಸುವುದರಿಂದ ಬಿಗಿಯಾಗಿ ಉಳಿದಿರುತ್ತದೆ. ರೋಗಾಣುವನ್ನು ಎದುರಿಸುವ ಹೊರಭಾಗದ ಲ್ಯೂಸಿನ್ ಸಮೃದ್ಧ ಸುರುಳಿಗಳಲ್ಲಿ ಕೆಲವೇ ಜಾಗಗಳು ಬದಲಾಗಿರುತ್ತವೆ. ಅವನ್ನು ಹುಡುಕಲು ಡೇಟಾಮಂಕಿ ತಾಣದ ಫ್ಯೂಬಾರ್, ಮೀಮ್ ವಿಧಾನಗಳಿವೆ, ಪಿಎಎಂಎಲ್ ತಂತ್ರಾಂಶವಿದೆ. ಅದಕ್ಕೂ ಮೊದಲು ಗಾರ್ಡ್ ಓಡಿಸಿ ಜೀನ್‌ನೊಳಗೆ ಮರುಸಂಯೋಜನೆ ನಡೆದಿದೆಯೇ ನೋಡಿ, ಇಲ್ಲವಾದರೆ ಸುಳ್ಳು ಜಾಡುಗಳು ಕಾಣುತ್ತವೆ. ಎರಡು ವಿಧಾನಗಳಾದರೂ ಒಪ್ಪಿದ ಜಾಗವನ್ನು ಮಾತ್ರ ವರದಿ ಮಾಡಿ.

ಈ ಅನುಪಾತ ಪ್ರಭೇದಗಳ ನಡುವಿನ ಹೋಲಿಕೆಗೆ. ಒಂದೇ ತಳಿಯ ಎಮ್ಮೆಗಳ ನಡುವೆ ಅದನ್ನು ಹಾಕಬೇಡಿ. ಅಲ್ಲಿ ಕಾಣುವ ವ್ಯತ್ಯಾಸಗಳಲ್ಲಿ ಅನೇಕವು ಇನ್ನೂ ಉಳಿಯುತ್ತವೋ ಅಳಿಯುತ್ತವೋ ನಿರ್ಧಾರವಾಗಿಲ್ಲ. ತಳಿಯೊಳಗೆ ನ್ಯೂಕ್ಲಿಯೊಟೈಡ್ ವೈವಿಧ್ಯ, ಆಯ್ಕೆಯ ಸುಳಿವು ಹುಡುಕುವ ತಾಜಿಮಾ ಡಿ, ಒಂದೇ ರೂಪ ಅಥವಾ ಎರಡು ರೂಪ ಹೊತ್ತ ಪ್ರಾಣಿಗಳ ಸಂಖ್ಯೆ ನಿರೀಕ್ಷೆಯಂತಿದೆಯೇ ನೋಡುವ ಹಾರ್ಡಿ ವೈನ್‌ಬರ್ಗ್ ಪರೀಕ್ಷೆ ಸೂಕ್ತ. ಹಾರ್ಡಿ ವೈನ್‌ಬರ್ಗ್‌ನಲ್ಲಿ ಒಂದೇ ರೂಪ ಹೊತ್ತವುಗಳ ಸಂಖ್ಯೆ ನಿರೀಕ್ಷೆಗಿಂತ ಬಹಳ ಹೆಚ್ಚು ಬಂದರೆ ಮೊದಲು ಅನುಮಾನಿಸಬೇಕಾದದ್ದು ಆಗ ಹೇಳಿದ ಪ್ರೈಮರ್ ಸಮಸ್ಯೆಯನ್ನು.

ಏನು ಹೇಳಬಹುದು, ಏನು ಹೇಳಬಾರದು

ಹೊರಭಾಗದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದೆ, ಆದ್ದರಿಂದ ಧಾರವಾಡಿ ಎಮ್ಮೆಗೆ ಕೆಚ್ಚಲು ಬಾವು ಬರುವುದಿಲ್ಲ ಎಂಬ ವಾಕ್ಯ ಪ್ರಬಂಧದಲ್ಲಿ ಬೇಡ, ಪತ್ರಿಕಾ ಹೇಳಿಕೆಯಲ್ಲಿ ಖಂಡಿತ ಬೇಡ. ಆ ಮಾತನ್ನು ನಂಬಿ ರೈತರೊಬ್ಬರು ಹಾಲು ಕರೆಯುವ ಮುಂಚಿನ ಸ್ವಚ್ಛತೆಯನ್ನು ಕೈಬಿಟ್ಟರೆ ನಷ್ಟ ಅವರದು. ಕೆಚ್ಚಲು ಬಾವಿಗೆ ಕೊಟ್ಟಿಗೆಯ ನೆಲ, ಕರೆಯುವ ಕೈ, ಸೂಲಿನ ಸಂಖ್ಯೆ, ಮಳೆಗಾಲ ಎಲ್ಲವೂ ಕಾರಣವಾಗುತ್ತವೆ. ಸಂಬಂಧ ಇದೆಯೆನ್ನಲು ಬಾವು ಬಂದ ಮತ್ತು ಬಾರದ ನೂರಾರು ಎಮ್ಮೆಗಳನ್ನು, ವಯಸ್ಸು ಮತ್ತು ಸಾಕಣೆ ಸರಿದೂಗಿಸಿ ಹೋಲಿಸಬೇಕು. ನಂತರ ಆ ರೂಪಭೇದದ ಪ್ರೋಟೀನ್ ನಿಜಕ್ಕೂ ಬೇರೆ ರೀತಿ ಕೆಲಸ ಮಾಡುತ್ತದೆಂದು ಕೋಶಗಳಲ್ಲಿ ತೋರಿಸಬೇಕು. ನಿಮ್ಮ ಪ್ರಾಜೆಕ್ಟ್ ಆ ದೀರ್ಘ ಕೆಲಸಕ್ಕೆ ಭದ್ರವಾದ ಮೊದಲ ಕಲ್ಲು. ರೂಪಭೇದಗಳ ನಂಬಲರ್ಹ ಪಟ್ಟಿಯೊಂದನ್ನು ಕೊಟ್ಟರೆ ಅದೇ ದೊಡ್ಡ ಕೊಡುಗೆ.

ಜಮಾ ಮಾಡುವುದು

ಪೂರ್ಣಗೊಂಡ ಅನುಕ್ರಮಗಳನ್ನು ಜೆನ್‌ಬ್ಯಾಂಕ್ ಎಂಬ ಅಂತರರಾಷ್ಟ್ರೀಯ ಡೇಟಾಬೇಸಿಗೆ, ಅದರ ಬ್ಯಾಂಕ್‌ಇಟ್ ಪುಟದ ಮೂಲಕ, ಜೊತೆಗೆ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರಕ್ಕೆ ಸೇರಿಸಿ. ತಳಿಯ ಕಾಲಂನಲ್ಲಿ ಧಾರವಾಡಿ ಎಂದು, ಸ್ಥಳದಲ್ಲಿ ಜಿಲ್ಲೆ ಮತ್ತು ತಾಲ್ಲೂಕನ್ನು ಬರೆಯಿರಿ. ಮಾಲೀಕರ ಹೆಸರು, ಕಿವಿಬಿಲ್ಲೆಯ ಸಂಖ್ಯೆ ಹಾಕಬೇಡಿ, ಅವು ನಿಮ್ಮ ರಿಜಿಸ್ಟರಿನಲ್ಲಿ ಇರಲಿ. ಪ್ರೈಮರ್ ಜಾಗದ ಅಕ್ಷರಗಳನ್ನು ಕತ್ತರಿಸಿಯೇ ಕಳುಹಿಸಿ. ಜೋಡಿ ಶಿಖರವಿದ್ದ ಕಡೆ ವೈ, ಆರ್ ಎಂಬುದನ್ನು ಉಳಿಸಿ, ಚೆಂದ ಕಾಣಲೆಂದು ಒಂದು ಅಕ್ಷರ ಆರಿಸಬೇಡಿ. ಪ್ರಬಂಧ ಪ್ರಕಟವಾಗುವವರೆಗೆ ದಾಖಲೆಯನ್ನು ತಡೆಹಿಡಿಯಲು ಅವಕಾಶವಿದೆ, ಪ್ರಕಟವಾದ ದಿನವೇ ಬಿಡುಗಡೆ ಮಾಡಿ. ಕ್ರೊಮ್ಯಾಟೊಗ್ರಾಮ್ ಕಡತಗಳ ಎರಡು ಪ್ರತಿಗಳು ಬೇರೆ ಬೇರೆ ಕಡೆ ಇರಲಿ. ಉಳಿದ ಡಿಎನ್‌ಎಯನ್ನು ಸಣ್ಣ ಸಣ್ಣ ನಳಿಕೆಗಳಿಗೆ ಹಂಚಿ ಮೈನಸ್ 20ರಲ್ಲಿ, ಸಾಧ್ಯವಾದರೆ ಮೈನಸ್ 80ರಲ್ಲಿ ಇಟ್ಟು, ಯಾವ ಪೆಟ್ಟಿಗೆಯ ಯಾವ ಕಂಡಿಯಲ್ಲಿ ಯಾವ ಮಾದರಿ ಇದೆ ಎಂಬ ಪಟ್ಟಿಯನ್ನು ಮುಂದಿನ ವರ್ಷ ಟಿಎಲ್‌ಆರ್4 ಓದಲು ಬರುವ ವಿದ್ಯಾರ್ಥಿಯ ಕೈಗೆ ಕೊಡಿ.